ನೋವಿನ ಔಷಧಿ ಜಾಹೀರಾತು: ಕಲಬುರಗಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ನನ್ನದೊಂದು ಮೆಡಿಕಲ್ ಅಂಗಡಿ ಇದೆ. ಫಾರ್ಮಸಿ ಓದಿ, ನಾನೇ ಕೌಂಟರಿನಲ್ಲಿ ನಿಲ್ಲುತ್ತೇನೆ. ಜೇವರ್ಗಿ, ಚಿತ್ತಾಪುರ, ಆಳಂದದ ಬಸ್ ಇಳಿದು ಬರುವವರೇ ಜಾಸ್ತಿ. ತೊಗರಿ ಕೊಯ್ಲು ಶುರುವಾದರೆ ಸಾಕು, ಸೊಂಟ, ಮೊಳಕಾಲು, ಹೆಗಲು ಅನ್ನುವವರು ಸಾಲಾಗಿ ನಿಲ್ಲುತ್ತಾರೆ. ಯಾರೂ ಔಷಧಿಯ ಹೆಸರು ಹೇಳುವುದಿಲ್ಲ. “ತಂಗೀ, ಟಿ.ವಿ.ಯಾಗ ಆ ಅಜ್ಜಿ ಮೆಟ್ಟಲಾ ಏರ್ತಾಳಲ್ಲ, ಅದು ಕೊಡವ್ವಾ” ಅನ್ನುತ್ತಾರೆ. ಆ ಅಜ್ಜಿ ಯಾಕೆ ಮೆಟ್ಟಿಲು ಏರುತ್ತಾಳೆ, ಹಾಗೆ ತೋರಿಸಲು ಕಂಪನಿಗೆ ಹಕ್ಕಿದೆಯಾ ಅಂತ ಕೇಳುವವರೂ ಇದ್ದಾರೆ. ಅವರಿಗೆ ಇಷ್ಟು ವರ್ಷ ಬಾಯಲ್ಲಿ ಹೇಳುತ್ತಿದ್ದುದನ್ನು ಇಲ್ಲಿ ಬರೆದಿದ್ದೇನೆ.

ಟಿ.ವಿ.ಯಲ್ಲಿ ಬರುತ್ತದೆ ಅಂದಮೇಲೆ ಸರ್ಕಾರ ನೋಡಿ ಪಾಸ್ ಮಾಡಿರುತ್ತದೆ, ಅಲ್ವಾ?

ಇಲ್ಲ. ಎಲ್ಲರೂ ಹೀಗೇ ಅಂದುಕೊಂಡಿದ್ದಾರೆ, ಅದಕ್ಕೇ ಇದನ್ನು ಮೊದಲು ಇಟ್ಟೆ. ಸಿನಿಮಾಕ್ಕೆ ಸೆನ್ಸಾರ್ ಇದೆ. ನೋವಿನ ಗುಳಿಗೆಯ ಜಾಹೀರಾತಿಗೆ ಅಂಥ ಮಂಡಳಿ ಇಲ್ಲ. ಜಾಹೀರಾತು ಮೊದಲು ಬರುತ್ತದೆ. ತಪ್ಪಿದ್ದರೆ ಯಾರಾದರೂ ದೂರು ಕೊಡಬೇಕು, ಆಮೇಲೆ ವಿಚಾರಣೆ.

ಸುಪ್ರೀಂ ಕೋರ್ಟ್ 2024ರ ಮೇ 7ರಂದು ಒಂದು ಆದೇಶ ಕೊಟ್ಟಿತು. ಜಾಹೀರಾತು ಬಿಡುವ ಮುಂಚೆ “ಇದರಲ್ಲಿ ದಾರಿ ತಪ್ಪಿಸುವ ಮಾತಿಲ್ಲ” ಅಂತ ಘೋಷಣೆ ಕೊಡಬೇಕು ಅಂದಿತು. ಆದರೆ ಆ ಘೋಷಣೆ ಬರೆದು ಕೊಡುವವರು ಜಾಹೀರಾತು ಮಾಡಿಸಿದವರೇ. ಹೊರಗಿನವರು ಪರೀಕ್ಷೆ ಮಾಡಿದ್ದಾರೆ ಅಂತ ಅದರ ಅರ್ಥ ಅಲ್ಲ.

ಹಾಗಾದರೆ ಲಗಾಮು ಹಾಕುವ ಕಾನೂನು ಯಾವುದು?

ಮುಖ್ಯವಾಗಿ ಎರಡು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಒಂದು. ಹೆಸರು ಉದ್ದ, ವಿಷಯ ಸರಳ. ಅದರಲ್ಲಿ 54 ಕಾಯಿಲೆಗಳ ಪಟ್ಟಿ ಇದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಲಕ್ವ, ರಕ್ತದೊತ್ತಡ, ಸಂಧಿವಾತ ಎಲ್ಲ ಅದರಲ್ಲಿವೆ. ಇವನ್ನು ನಮ್ಮ ಔಷಧಿ ಗುಣ ಮಾಡುತ್ತದೆ, ಕಡಿಮೆ ಮಾಡುತ್ತದೆ, ಬಾರದಂತೆ ತಡೆಯುತ್ತದೆ ಅಂತ ಜನರಿಗೆ ಜಾಹೀರಾತು ಕೊಡುವ ಹಾಗಿಲ್ಲ. ಪಟ್ಟಿಯಲ್ಲಿ ಇಲ್ಲದ ತೊಂದರೆಯೇ ಆಗಲಿ, ಔಷಧಿಯ ಬಗ್ಗೆ ಸುಳ್ಳು ಹೇಳುವುದೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳವರೆಗೆ ಜೈಲು, ಇಲ್ಲ ದಂಡ, ಇಲ್ಲ ಎರಡೂ ಅಂತ ಆ ಕಾಯ್ದೆಯಲ್ಲಿ ಬರೆದಿದೆ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ.

ಎರಡನೆಯದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಇದರ ಕೆಳಗೆ 2020ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಬಂತು. ದಾರಿ ತಪ್ಪಿಸುವ ಜಾಹೀರಾತಿಗೆ ಅದು 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಅದೇ ತಪ್ಪು ಮತ್ತೆ ಮಾಡಿದರೆ 50 ಲಕ್ಷದವರೆಗೆ. ಜಾಹೀರಾತು ನಿಲ್ಲಿಸಿ ಅಂತಲೂ ಹೇಳಬಹುದು.

ಇವಲ್ಲದೆ ಜಾಹೀರಾತು ಉದ್ಯಮದವರೇ 1985ರಲ್ಲಿ ಕಟ್ಟಿಕೊಂಡ ಆಸ್ಕಿ ಅನ್ನುವ ಮಂಡಳಿ ಇದೆ. ಅದಕ್ಕೆ ಜೈಲಿಗೆ ಹಾಕುವ ಅಧಿಕಾರ ಇಲ್ಲ. ಆದರೆ ಅದರ ನೀತಿ ಸಂಹಿತೆ ಮೀರಿದ ಜಾಹೀರಾತನ್ನು ಕೇಬಲ್ ಟಿ.ವಿ.ಯಲ್ಲಿ ಹಾಕಬಾರದು ಅಂತ ಕೇಬಲ್ ನಿಯಮದಲ್ಲೇ ಇದೆ. ಹಾಗಾಗಿ ಅದರ ಮಾತಿಗೆ ತೂಕ ಇದೆ.

ಚೀಟಿ ಇಲ್ಲದೆ ಕೊಡುವ ಗುಳಿಗೆ ಯಾವುದು, ಚೀಟಿ ಬೇಕಾದದ್ದು ಯಾವುದು?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. “ಓಟಿಸಿ” ಅನ್ನುವ ಪದಕ್ಕೆ ನಮ್ಮ ಔಷಧ ಕಾನೂನಿನಲ್ಲಿ ವ್ಯಾಖ್ಯೆ ಇಲ್ಲ. ಯಾವುದಕ್ಕೆ ಚೀಟಿ ಕಡ್ಡಾಯ ಅಂತ ಬರೆದಿಲ್ಲವೋ ಅದನ್ನೇ ನಾವು ಓಟಿಸಿ ಅಂತ ಕರೆಯುತ್ತೇವೆ, ಅಷ್ಟೇ.

ಸ್ಟ್ರಿಪ್ಪಿನ ಮೇಲೆ ‘ಆರ್‌ಎಕ್ಸ್’ ಗುರುತು ನೋಡಿ. ಅದು ಇದ್ದರೆ ಡಾಕ್ಟರ ಚೀಟಿ ಬೇಕು. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ನಿಮೆಸುಲೈಡ್ ಗುಳಿಗೆಗಳೆಲ್ಲ ಹೀಗೆ ಚೀಟಿ ಬೇಕಾದವು. ಇವು ಷೆಡ್ಯೂಲ್ ಎಚ್ ಅನ್ನುವ, ಚೀಟಿ ಕಡ್ಡಾಯವಾದ ಔಷಧಿಗಳ ಪಟ್ಟಿಯಲ್ಲಿವೆ. ಸರ್ಕಾರದ ಒಪ್ಪಿಗೆ ಇಲ್ಲದೆ ಇವನ್ನು ಜನರಿಗೆ ಜಾಹೀರಾತು ಮಾಡುವ ಹಾಗೂ ಇಲ್ಲ. ನಿಮೆಸುಲೈಡನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು 2011ರಲ್ಲೇ ನಿಷೇಧಿಸಿದ್ದಾರೆ. ಟ್ರಮಡಾಲ್ ಅಂತೂ 2018ರಿಂದ ಮಾದಕ ವಸ್ತುಗಳ ಕಾನೂನಿನ ಕೆಳಗೆ ಬಂದಿದೆ.

ಪ್ಯಾರಾಸಿಟಮಾಲ್ ಒಂದೇ ಇರುವ ಮಾಮೂಲಿ ಗುಳಿಗೆಗೆ ಚೀಟಿ ಬೇಡ. ಒಂದು ಸಾವಿರಕ್ಕಿಂತ ಜಾಸ್ತಿ ಜನ ಇಲ್ಲದ ಹಳ್ಳಿಯಲ್ಲಿ ಆಸ್ಪಿರಿನ್, ಪ್ಯಾರಾಸಿಟಮಾಲ್, ನೋವಿನ ಮುಲಾಮು ಇಂಥವನ್ನು ಲೈಸೆನ್ಸ್ ಇಲ್ಲದ ಕಿರಾಣಿ ಅಂಗಡಿಯವರೂ ಮಾರಬಹುದು. ಕಂಪನಿಯ ಮೂಲ ಪ್ಯಾಕಿನಲ್ಲೇ ಇರಬೇಕು. ನಮ್ಮ ಕಡೆಯ ಸಣ್ಣ ತಾಂಡಾಗಳಿಗೆ ಇದು ನಿಜಕ್ಕೂ ಉಪಕಾರ. ಆದರೆ ಕಿರಾಣಿ ಅಂಗಡಿಯ ಡಬ್ಬಿಯಲ್ಲಿ ಡೈಕ್ಲೋಫೆನಾಕ್ ಇದ್ದರೆ ಅದು ತಪ್ಪು.

ಗುಳಿಗೆಗೆ ಚೀಟಿ ಬೇಕು ಅಂತೀರಿ. ಅದೇ ಔಷಧಿಯ ಜೆಲ್, ಸ್ಪ್ರೇ ಟಿ.ವಿ.ಯಲ್ಲಿ ಹೇಗೆ ಬರುತ್ತದೆ?

ಒಳ್ಳೆಯ ಪ್ರಶ್ನೆ. ಷೆಡ್ಯೂಲ್ ಎಚ್ ಪಟ್ಟಿಯಲ್ಲಿ ಒಂದು ಟಿಪ್ಪಣಿ ಇದೆ. ಮೈಮೇಲೆ ಹಚ್ಚುವ ತಯಾರಿಕೆಗಳನ್ನು, ಕೆಲವನ್ನು ಬಿಟ್ಟು, ಆ ಪಟ್ಟಿಯಿಂದ ಹೊರಗಿಟ್ಟಿದ್ದಾರೆ. ಹಾಗಾಗಿ ಡೈಕ್ಲೋಫೆನಾಕ್ ಗುಳಿಗೆಯ ಜಾಹೀರಾತು ನಿಮಗೆ ಕಾಣುವುದಿಲ್ಲ, ಜೆಲ್ಲಿನದು ದಿನಾ ಕಾಣುತ್ತದೆ. ಜೆಲ್ ಬಳಸಿ ಆರಾಮಾದವರು ಬಂದು “ಅದರದೇ ಗುಳಿಗಿ ಕೊಡ್ರಿ” ಅಂತಾರೆ. ಹಚ್ಚಿದಾಗ ರಕ್ತಕ್ಕೆ ಸೇರುವುದು ಸ್ವಲ್ಪ, ನುಂಗಿದಾಗ ಬಹಳ ಜಾಸ್ತಿ. ಎರಡೂ ಒಂದೇ ಅಲ್ಲ.

“ಬೇರುಸಹಿತ ವಾಸಿ”, “ನಿಮಿಷದಲ್ಲಿ ಮಾಯ”, “ಡಾಕ್ಟರುಗಳ ಮೊದಲ ಆಯ್ಕೆ” ಅಂತ ಹೇಳಬಹುದಾ?

“ನೋವಿನಿಂದ ಆರಾಮ” ಅನ್ನಬಹುದು. ನೋವಿನ ಔಷಧಿ ಮಾಡುವ ಕೆಲಸವೇ ಅದು. “ಸಂಧಿವಾತ ವಾಸಿ” ಅನ್ನುವ ಹಾಗಿಲ್ಲ, 1954ರ ಪಟ್ಟಿಗೇ ಬರುತ್ತದೆ. “ಬೇರುಸಹಿತ” ಅನ್ನುವ ಮಾತಂತೂ ಯಾವ ನೋವಿನ ಗುಳಿಗೆಗೂ ಸಲ್ಲದು. ಮೊಳಕಾಲಿನ ಮೆತ್ತನೆಯ ಎಲುಬು ಸವೆದಿದ್ದರೆ ಗುಳಿಗೆಯಿಂದ ಅದು ಮತ್ತೆ ಬೆಳೆಯುವುದಿಲ್ಲ. ನೋವಿನ ಸುದ್ದಿ ಮಿದುಳಿಗೆ ಹೋಗುವುದು ಸ್ವಲ್ಪ ಹೊತ್ತು ಕಡಿಮೆಯಾಗುತ್ತದೆ, ಅಷ್ಟೇ.

“ಇಷ್ಟು ನಿಮಿಷದಲ್ಲಿ” ಅಂದರೆ ಅದಕ್ಕೆ ಪರೀಕ್ಷೆಯ ಆಧಾರ ಇರಬೇಕು. “ಡಾಕ್ಟರುಗಳ ಮೊದಲ ಆಯ್ಕೆ”, “ನಂಬರ್ ಒನ್” ಅಂದರೆ ಯಾವುದರಲ್ಲಿ, ಯಾರು ಎಣಿಸಿದ್ದು ಅಂತ ತೋರಿಸಬೇಕು. ಅಳೆದು ನೋಡಬಹುದಾದ ಯಾವ ಮಾತಿಗೂ ಪುರಾವೆ ಕೈಯಲ್ಲಿರಬೇಕು ಅಂತ 2022ರ ಜೂನ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಪುರಾವೆ ಕೊಡಬೇಕಾದವರು ಕಂಪನಿಯವರು. ಸುಳ್ಳು ಅಂತ ನೀವು ಲ್ಯಾಬಿನಲ್ಲಿ ಸಾಬೀತು ಮಾಡಿಕೊಂಡು ಬರಬೇಕಾಗಿಲ್ಲ. ಇದು ತುಂಬಾ ಜನರಿಗೆ ಗೊತ್ತಿಲ್ಲ. ಗೊತ್ತಿಲ್ಲದೇ ಸುಮ್ನೆ ಇದ್ದುಬಿಡುತ್ತಾರೆ.

ಸೊಂಟಕ್ಕೆ ಒಂದು, ತಲೆಗೆ ಒಂದು, ಮುಟ್ಟಿನ ನೋವಿಗೆ ಒಂದು ಅಂತ ಬೇರೆ ಬೇರೆ ಡಬ್ಬಿ ಬರುತ್ತವೆ. ಬೇರೆ ಬೇರೆಯೇ ಇರುತ್ತವಾ?

ಡಬ್ಬಿ ತಿರುಗಿಸಿ ನೋಡಿ. ಬ್ರ್ಯಾಂಡ್ ಹೆಸರಿನ ಜೊತೆ ಔಷಧಿಯ ನಿಜವಾದ ಹೆಸರು, ಎಷ್ಟು ಮಿಲಿಗ್ರಾಂ ಅಂತ ಇರುತ್ತದೆ. ಎರಡರಲ್ಲೂ ಅದೇ ಹೆಸರು, ಅದೇ ಮಿಲಿಗ್ರಾಂ ಇದ್ದರೆ ಎರಡೂ ಒಂದೇ. ನುಂಗಿದ ಗುಳಿಗೆಗೆ ಇದು ಸೊಂಟ, ಇದು ತಲೆ ಅಂತ ಗುರುತು ಹಿಡಿಯಲು ಬರುವುದಿಲ್ಲ. ರಕ್ತದಲ್ಲಿ ಸೇರಿ ಮೈಯೆಲ್ಲ ಸುತ್ತುತ್ತದೆ.

ಇದರ ಬಗ್ಗೆ ಆಸ್ಟ್ರೇಲಿಯಾದಲ್ಲಿ ದೊಡ್ಡ ಮೊಕದ್ದಮೆಯೇ ನಡೆಯಿತು. ನ್ಯೂರೋಫೆನ್ ಅನ್ನುವ ಗುಳಿಗೆಯನ್ನು ಬೆನ್ನು ನೋವು, ಮುಟ್ಟಿನ ನೋವು, ಮೈಗ್ರೇನ್, ಒತ್ತಡದ ತಲೆನೋವು ಅಂತ ನಾಲ್ಕು ಡಬ್ಬಿಗಳಲ್ಲಿ ಮಾರುತ್ತಿದ್ದರು. ನಾಲ್ಕರಲ್ಲೂ ಇದ್ದದ್ದು 342 ಮಿಲಿಗ್ರಾಂ ಐಬುಪ್ರೊಫೆನ್ ಲೈಸಿನ್. ಇದು ಜನರನ್ನು ದಾರಿ ತಪ್ಪಿಸುವ ಕೆಲಸ ಅಂತ 2015ರ ಡಿಸೆಂಬರ್‌ನಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ಹೇಳಿತು. ಮೊದಲು 17 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ಸಾಲದು ಅಂತ ಅಲ್ಲಿನ ಗ್ರಾಹಕ ಆಯೋಗ ಮೇಲ್ಮನವಿ ಹಾಕಿತು. 2016ರ ಡಿಸೆಂಬರ್‌ನಲ್ಲಿ ದಂಡ 60 ಲಕ್ಷ ಡಾಲರಿಗೆ ಏರಿತು.

ಅಷ್ಟು ದೂರದ ಸುದ್ದಿ ಯಾಕೆ ಹೇಳಿದೆ ಅಂದರೆ, ಇಲ್ಲಿ ಹಣ ಹೋಗುವುದು ಒಂದೇ ತೊಂದರೆ ಅಲ್ಲ. ಸೊಂಟಕ್ಕೆ ಅಂತ ಒಂದು, ತಲೆಗೆ ಅಂತ ಒಂದು ತೆಗೆದುಕೊಂಡವರು ಒಂದೇ ಔಷಧಿಯನ್ನು ಎರಡು ಪಟ್ಟು ನುಂಗಿರುತ್ತಾರೆ. ನೆಗಡಿಯ ಗುಳಿಗೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಜ್ವರಕ್ಕೆ ಅಂತ ಬೇರೆ ನುಂಗಿದರೆ ಲೆಕ್ಕ ತಪ್ಪುತ್ತದೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಅಂದರೆ ಕೊನೆಯ ಗಡಿ. 650 ಮಿಲಿಗ್ರಾಂ ಗುಳಿಗೆ ಆರು ನುಂಗಿದರೆ ಆ ಗಡಿಯ ಹತ್ತಿರ ಬಂದ ಹಾಗೆ. ದಾಟಿದರೆ ಏಟು ಬೀಳುವುದು ಯಕೃತ್ತಿಗೆ. ಕುಡಿಯುವ ಚಟ ಇದ್ದವರಿಗೆ ಗಡಿ ಇನ್ನೂ ಕೆಳಗಿದೆ.

ಮಾತು ಕನ್ನಡದಲ್ಲಿ, ಎಚ್ಚರಿಕೆ ಇಂಗ್ಲಿಷಿನಲ್ಲಿ. ಇದು ಸರಿಯಾ?

ಸರಿ ಅಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬರುವುದು ಇದಕ್ಕೇ.

ನೀವೇ ನೋಡಿರುತ್ತೀರಿ. ಹಿಂದಿಯಲ್ಲಿ ತೆಗೆದ ಜಾಹೀರಾತಿಗೆ ಕನ್ನಡ ದನಿ ಕೊಟ್ಟಿರುತ್ತಾರೆ. ದನಿ ಚೆನ್ನಾಗಿರುತ್ತದೆ. “ಅಮ್ಮಾ, ಈಗ ನೋವೇ ಇಲ್ಲ” ಅನ್ನುತ್ತದೆ. ತೆರೆಯ ಕೆಳಗೆ ಇರುವೆ ಸಾಲಿನ ಹಾಗೆ ಇಂಗ್ಲಿಷ್ ಅಕ್ಷರ ಎರಡು ಸೆಕೆಂಡ್ ಬಂದು ಹೋಗುತ್ತದೆ. ಲೇಬಲ್ ಓದಿ, ನೋವು ಹೋಗದಿದ್ದರೆ ಡಾಕ್ಟರನ್ನು ಕಾಣಿ, ಇದು ಕಲ್ಪಿತ ದೃಶ್ಯ, ಹೀಗೆ ಏನೋ ಇರುತ್ತದೆ. ಯಾರಿಗೆ ಈ ಮಾತು ಬೇಕೋ ಅವರಿಗೇ ಅದು ಓದಲು ಬರುವುದಿಲ್ಲ. ಬೀದರಿನಲ್ಲಿ ಮರಾಠಿ, ತೆಲುಗು ಚಾನೆಲ್ ನೋಡುವ ಮನೆಗಳಲ್ಲೂ ಇದೇ ಕಥೆ.

2022ರ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಮುಖ್ಯ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತಿನ ಮಾತೂ ಅದೇ ಭಾಷೆಯಲ್ಲಿ ಇರಬೇಕು. ಅಕ್ಷರವೂ ಅದೇ ಥರದ್ದಿರಬೇಕು. ಎದ್ದು ಕಾಣುವ ಜಾಗದಲ್ಲಿರಬೇಕು. ದೊಡ್ಡ ಅಕ್ಷರದ ಸುಳ್ಳನ್ನು ಸಣ್ಣ ಅಕ್ಷರದ ಷರತ್ತಿನಿಂದ ತಿದ್ದುವ ಹಾಗಿಲ್ಲ. ಕನ್ನಡದಲ್ಲಿ ಕೊಂಡುಕೊಳ್ಳಿ ಅಂದವರು ಕನ್ನಡದಲ್ಲೇ ಜೋಪಾನ ಅನ್ನಬೇಕು. ದೂರು ಕೊಡಲು ಇದೊಂದು ಗಟ್ಟಿ ಕಾರಣ. ಇದರಲ್ಲಿ ವಾದಕ್ಕೆ ಜಾಗ ಕಡಿಮೆ. ಒಂದು ಫೋಟೊ ಸಾಕು.

ಮುಲಾಮು ಆಯುರ್ವೇದದ್ದು. ಅದಕ್ಕೂ ಈ ಕಾನೂನು ಇದೆಯಾ?

ಇದೆ. 1954ರ ಕಾಯ್ದೆ ಅಲೋಪತಿ, ಆಯುರ್ವೇದ, ಯುನಾನಿ ಅಂತ ಬೇರೆ ಮಾಡುವುದಿಲ್ಲ.

ನಮ್ಮಲ್ಲಿ ಮಾರುವ ಎಷ್ಟೋ ಬಾಮುಗಳು ಆಯುರ್ವೇದ ಔಷಧಿ ಅಂತಲೇ ಲೈಸೆನ್ಸ್ ಪಡೆದಿವೆ. ಪುದೀನ ಸತ್ವ, ಕರ್ಪೂರ, ನೀಲಗಿರಿ ಎಣ್ಣೆ, ಗಂಧಪುರ ಎಣ್ಣೆ ಇರುತ್ತವೆ. ಪುದೀನ ಸತ್ವ ಚರ್ಮದಲ್ಲಿ ತಂಪನ್ನು ತಿಳಿಯುವ ನರಗಳನ್ನು ಎಬ್ಬಿಸುತ್ತದೆ. ಆ ತಂಪಿನ ಮುಂದೆ ನೋವು ಸ್ವಲ್ಪ ಹೊತ್ತು ಹಿಂದೆ ಸರಿಯುತ್ತದೆ. ಆರಾಮ ನಿಜ. ಅದನ್ನು ನಾನು ಅಲ್ಲಗಳೆಯುವುದಿಲ್ಲ, ನನ್ನ ಮನೆಯಲ್ಲೂ ಡಬ್ಬಿ ಇದೆ. ಆದರೆ ಜಾಹೀರಾತಿನಲ್ಲಿ ಕೆಂಪು ಬಾಣಗಳು ಎಲುಬಿನ ಒಳಗೆ ಇಳಿದು ಸವೆದ ಕೀಲನ್ನು ರಿಪೇರಿ ಮಾಡುವಂತೆ ತೋರಿಸಿದರೆ, ಅದಕ್ಕೆ ಪುರಾವೆ ಕೇಳಬೇಕು.

ಆಯುರ್ವೇದ ಅಂದರೆ ಅಡ್ಡಪರಿಣಾಮವೇ ಇಲ್ಲ ಅನ್ನುವುದೂ ತಪ್ಪು. ಗಂಧಪುರ ಎಣ್ಣೆಯಲ್ಲಿರುವ ಮಿಥೈಲ್ ಸ್ಯಾಲಿಸಿಲೇಟ್ ಆಸ್ಪಿರಿನ್ನಿನ ನೆಂಟ. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಅದನ್ನು ಮೈತುಂಬ ತಿಕ್ಕಿಕೊಂಡರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಜಾತ್ರೆಯಲ್ಲಿ ಸಿಗುವ ಮೊಳಕಾಲು ನೋವಿನ ಪುಡಿ?

ನಮ್ಮ ದೊಡ್ಡವ್ವನ ಕಥೆ ಹೇಳುತ್ತೇನೆ. ಅವರದು ಸುರಪುರದ ಕಡೆ. ಒಂದು ಜಾತ್ರೆಯಲ್ಲಿ, ಮೈಕಿನಲ್ಲಿ ಕೂಗಿ ಮಾರುತ್ತಿದ್ದವರ ಹತ್ತಿರ ಪುಡಿ ತಂದರು. ಬರೀ ಬೇರು, ಸೊಪ್ಪು ಅಂದಿದ್ದರು. ಮೂರೇ ದಿನದಲ್ಲಿ ದೊಡ್ಡವ್ವ ಮಾಳಿಗೆ ಏರಿದರು. ಓಣಿಯವರೆಲ್ಲ ಆ ಪುಡಿ ತರಿಸಿಕೊಂಡರು. ನಾಲ್ಕು ತಿಂಗಳಿಗೆ ಮುಖ ಬುದ್ದಲಿಯ ಹಾಗೆ ದುಂಡಗಾಯಿತು. ಮುಂಚೆ ಇಲ್ಲದ ಸಕ್ಕರೆ ಕಾಯಿಲೆ ಬಂತು. ಪುಡಿ ಮುಗಿದು ನಿಲ್ಲಿಸಿದ ವಾರಕ್ಕೆ ಎದ್ದು ಕೂರಲೂ ಆಗದೆ ದವಾಖಾನೆ ಸೇರಿದರು. ಪುಡಿಯಲ್ಲಿ ಸ್ಟೆರಾಯ್ಡ್ ಬೆರೆಸಿರಬೇಕು ಅಂತ ಡಾಕ್ಟರು ಹೇಳಿದರು. ಸ್ಟೆರಾಯ್ಡನ್ನು ತಿಂಗಳುಗಟ್ಟಲೆ ತಿಂದು ಒಮ್ಮೆಲೇ ಬಿಟ್ಟರೆ ಮೈ ಹೀಗೆ ಕೈಕೊಡುತ್ತದೆ. ದೊಡ್ಡವ್ವ ಉಳಿದರು. ಆದರೆ ಈಗಲೂ ಇನ್ಸುಲಿನ್ ಮೇಲಿದ್ದಾರೆ. ಚೀಲದ ಮೇಲೆ ವಿಳಾಸ ಇರಲಿಲ್ಲ, ಬ್ಯಾಚ್ ನಂಬರ್ ಇರಲಿಲ್ಲ. ಯಾರನ್ನು ಹಿಡಿಯುವುದು?

ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಿಸಿದವರ ವಿಳಾಸ ಇಲ್ಲದ ಪುಡಿ ಬೇಡವೇ ಬೇಡ. ಹಳೆಯ ನೋವು ಎರಡು ಮೂರು ದಿನದಲ್ಲಿ ಪೂರ್ತಿ ಹೋಯಿತು ಅಂದರೆ ಖುಷಿಪಡುವ ಮುಂಚೆ ಅನುಮಾನಪಡಿ. ಈಗಾಗಲೇ ಬಹಳ ದಿನದಿಂದ ತಿನ್ನುತ್ತಿದ್ದರೆ ತಟ್ಟನೆ ನಿಲ್ಲಿಸಬೇಡಿ. ಪುಡಿ ಸಮೇತ ಡಾಕ್ಟರ ಹತ್ತಿರ ಹೋಗಿ.

ತಾಯತ ಕಟ್ಟಿದರೆ ಕೀಲು ನೋವು ಹೋಗುತ್ತದೆ ಅನ್ನುವ ಜಾಹೀರಾತು?

ಅದೂ 1954ರ ಕಾಯ್ದೆಗೇ ಬರುತ್ತದೆ. ತಾಯತ, ಮಂತ್ರ, ಕವಚದಿಂದ ಕಾಯಿಲೆ ಗುಣವಾಗುತ್ತದೆ ಅಂತ ಜಾಹೀರಾತು ಮಾಡಬಾರದು. ನಿಮ್ಮ ಭಕ್ತಿಗೆ ಕಾನೂನು ಅಡ್ಡ ಬರುವುದಿಲ್ಲ.

ಆಟೊ ಮೈಕು, ಗೋಡೆ ಬರಹ, ಕೈಚೀಟಿ ಎಲ್ಲ ಜಾಹೀರಾತೇನಾ?

ಹೌದು. ಆ ಕಾಯ್ದೆ ಬರೆದವರು ಜಾಣರು. ನೋಟಿಸು, ಕೈಚೀಟಿ, ಲೇಬಲ್, ಹೊದಿಕೆ, ಬಾಯಿಮಾತಿನ ಘೋಷಣೆ, ಅಷ್ಟೇ ಯಾಕೆ, ಬೆಳಕು, ಶಬ್ದ, ಹೊಗೆಯಿಂದ ಮಾಡುವ ಘೋಷಣೆ ಕೂಡ ಜಾಹೀರಾತು ಅಂತ 1954ರಲ್ಲೇ ಬರೆದಿಟ್ಟರು. ಶಹಾಪುರದ ಸಂತೆಯಲ್ಲಿ ಕೂಗುವ ಮೈಕಿಗೂ ಅದು ಸಾಲುತ್ತದೆ.

ಸಿನಿಮಾ ನಟರು, ರೀಲ್ಸ್ ಮಾಡುವವರು ಹೇಳಿದರೆ ಅವರಿಗೂ ಹೊಣೆ ಇದೆಯಾ?

ಇದೆ. ಸುಳ್ಳು ಪ್ರಚಾರ ಮಾಡಿದ ನಟರಿಗೂ 10 ಲಕ್ಷದವರೆಗೆ ದಂಡ ಬೀಳಬಹುದು. ಒಂದು ವರ್ಷದವರೆಗೆ ಯಾವ ಜಾಹೀರಾತಿನಲ್ಲೂ ಕಾಣಿಸಿಕೊಳ್ಳಬೇಡಿ ಅಂತ ಕೇಂದ್ರ ಪ್ರಾಧಿಕಾರ ಹೇಳಬಹುದು. ಮತ್ತೆ ಮಾಡಿದರೆ ಮೂರು ವರ್ಷದವರೆಗೆ. ಹೇಳುವ ಮುಂಚೆ ನಾನು ಸರಿಯಾಗಿ ವಿಚಾರಿಸಿದ್ದೆ ಅಂತ ತೋರಿಸಿದರೆ ದಂಡದಿಂದ ಪಾರಾಗಬಹುದು.

ಆರೋಗ್ಯದ ಬಗ್ಗೆ ರೀಲ್ಸ್ ಮಾಡುವವರಿಗೆ 2023ರ ಆಗಸ್ಟ್‌ನಲ್ಲಿ ಬೇರೆ ಸೂಚನೆ ಬಂದಿದೆ. ವೈದ್ಯರು, ತಜ್ಞರು ತಮ್ಮ ಅರ್ಹತೆ ಹೇಳಬೇಕು. ಅರ್ಹತೆ ಇಲ್ಲದವರು ತಮ್ಮ ಮಾತು ಡಾಕ್ಟರ ಸಲಹೆ ಅಲ್ಲ ಅಂತ ಹೇಳಬೇಕು. ದುಡ್ಡು ತೆಗೆದುಕೊಂಡಿದ್ದರೆ ಅದನ್ನೂ ತಿಳಿಸಬೇಕು. ಬಿಳಿ ಕೋಟು ಹಾಕಿದವರೆಲ್ಲ ಡಾಕ್ಟರಲ್ಲ. ನಿಜವಾದ ಡಾಕ್ಟರಿಗೆ ಔಷಧಿಯ ಪ್ರಚಾರ ಮಾಡಲು ವೈದ್ಯರ ನಡವಳಿಕೆಯ ನಿಯಮ ಬಿಡುವುದಿಲ್ಲ.

ನಮ್ಮ ಬಿಸಿಲಿಗೂ ನೋವಿನ ಗುಳಿಗೆಗೂ ಏನು ಸಂಬಂಧ?

ಬಹಳ ಇದೆ. ಯಾವ ಜಾಹೀರಾತೂ ಇದನ್ನು ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತೇನೆ.

ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಗುಳಿಗೆಗಳು ನೋವು ಹುಟ್ಟಿಸುವ ರಾಸಾಯನಿಕವನ್ನು ತಡೆಯುತ್ತವೆ. ಹೊಟ್ಟೆಯ ಒಳಪದರ ಕಾಯುವುದೂ ಅದೇ ಬಳಗದ ರಾಸಾಯನಿಕ. ಕಿಡ್ನಿಗೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುವುದೂ ಅದೇ. ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿ ಅದನ್ನೇ ನಂಬಿಕೊಂಡಿರುತ್ತದೆ. ಮೇ ತಿಂಗಳಲ್ಲಿ ನಮ್ಮಲ್ಲಿ 42, 43 ಡಿಗ್ರಿ. ಶಹಾಬಾದಿನ ಕಲ್ಲಿನ ಗಣಿಯಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವವರು ಬೆವರು ಸುರಿಸಿ, ನೀರು ಸರಿಯಾಗಿ ಕುಡಿಯದೆ, ಬೆಳಿಗ್ಗೆ ಒಂದು ಸಂಜೆ ಒಂದು ನುಂಗಿದರೆ ಕಿಡ್ನಿಗೆ ಎರಡು ಕಡೆಯಿಂದ ಏಟು. ಬಿ.ಪಿ., ಸಕ್ಕರೆ, ಕಿಡ್ನಿ ತೊಂದರೆ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಇವನ್ನು ಮುಟ್ಟಬಾರದು.

“ಕೆಲಸ ನಿಲ್ಲಿಸಬೇಡಿ, ಗುಳಿಗೆ ತಗೊಳ್ಳಿ” ಅನ್ನುವ ಥರದ ಜಾಹೀರಾತು ನನಗೆ ನೋಡಲು ಆಗುವುದಿಲ್ಲ. ದಿನಗೂಲಿಯವರಿಗೆ ಕೆಲಸ ನಿಂತರೆ ಒಲೆ ಉರಿಯುವುದಿಲ್ಲ. ಆ ಭಯದ ಮೇಲೆಯೇ ಅದು ನಿಂತಿದೆ.

ದೂರು ಕೊಡಬೇಕು. ಬೆಂಗಳೂರು, ದೆಹಲಿಗೆ ಹೋಗಬೇಕಾ?

ಬೇಡ. 2019ರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿನ ದೂರನ್ನು ನಿಮ್ಮ ಜಿಲ್ಲಾಧಿಕಾರಿಗೇ ಕೊಡಬಹುದು. ಕಲಬುರಗಿ, ಬೀದರ್, ಯಾದಗಿರಿ, ಎಲ್ಲಾದರೂ ಸರಿ. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಡಿ.ಸಿ. ಆಫೀಸಿನ ಟಪಾಲಿನಲ್ಲಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಸೀಲು ಮರೆಯಬೇಡಿ.

ಫೋನಿನಲ್ಲಿ ಹೇಳುವುದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲಿ ಮಾತಾಡಬಹುದು. ಔಷಧಿಯೇ ಕಲಬೆರಕೆ ಅನ್ನಿಸಿದರೆ, ಚೀಟಿ ಔಷಧಿಯನ್ನು ಕಿರಾಣಿಯಲ್ಲಿ ಮಾರುತ್ತಿದ್ದರೆ, ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಯ ಡ್ರಗ್ ಇನ್‌ಸ್ಪೆಕ್ಟರಿಗೆ ಹೇಳಿ. ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸುವ ಅಧಿಕಾರ ಅವರಿಗಿದೆ. 1954ರ ಕಾಯ್ದೆಯ ದೂರುಗಳಿಗೆ ಪ್ರತಿ ರಾಜ್ಯವೂ ವ್ಯವಸ್ಥೆ ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಹೇಳಿದೆ. ಯಾರಾದರೂ “ಇದು ನಮ್ಮ ಕೆಲಸ ಅಲ್ಲ” ಅಂದರೆ ಅದನ್ನು ನೆನಪಿಸಿ.

ದೂರಿಗೆ ಏನೇನು ಇಟ್ಟುಕೊಳ್ಳಬೇಕು?

ಟಿ.ವಿ. ಆದರೆ ಚಾನೆಲ್, ತಾರೀಖು, ಸಮಯ, ಫೋನಿನಲ್ಲಿ ತೆಗೆದ ವಿಡಿಯೊ. ಗೋಡೆ ಬರಹ ಆದರೆ ಫೋಟೊ ಮತ್ತು ಜಾಗ. ಪೇಪರ್ ಆದರೆ ಆ ಹಾಳೆಯನ್ನೇ ಇಟ್ಟುಕೊಳ್ಳಿ. ಕೊಂಡಿದ್ದರೆ ಬಿಲ್ಲು ಮತ್ತು ಖಾಲಿ ಸ್ಟ್ರಿಪ್. ಗುಳಿಗೆ ಕತ್ತರಿಸಿ ಕೊಡುವಾಗ ಬ್ಯಾಚ್ ನಂಬರ್ ಇರುವ ತುದಿ ಎಷ್ಟೋ ಸಲ ಅಂಗಡಿಯಲ್ಲೇ ಉಳಿಯುತ್ತದೆ. ಬಿಲ್ಲಿನ ಮೇಲೆ ಬ್ಯಾಚ್ ನಂಬರ್ ಬರೆಸಿಕೊಳ್ಳಿ. ದೂರಿನಲ್ಲಿ ಜಾಹೀರಾತಿನ ಮಾತನ್ನು ಇದ್ದ ಹಾಗೇ ಬರೆಯಿರಿ. ನಿಮ್ಮ ಸಿಟ್ಟು ಎರಡನೇ ಪುಟಕ್ಕೆ ಇರಲಿ.

ನೀವೂ ಇವನ್ನೇ ಮಾರುತ್ತೀರಿ. ನಿಮಗೆ ಲಾಭ ಅಲ್ವಾ?

ಮಾರುತ್ತೇನೆ, ಲಾಭವೂ ಇದೆ. ಆದರೆ ಚೀಟಿ ಇಲ್ಲದೆ ಡೈಕ್ಲೋಫೆನಾಕ್ ಕೇಳಿದರೆ ಕೊಡುವುದಿಲ್ಲ. “ಪಕ್ಕದ ಅಂಗಡ್ಯಾಗ ಕೊಡ್ತಾರ” ಅಂತ ಬೈದು ಹೋಗುತ್ತಾರೆ. ಹೋಗಲಿ. ಎರಡು ಬ್ರ್ಯಾಂಡು ಒಂದೇ ಔಷಧಿ ಆಗಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಕಡಿಮೆ ಬೆಲೆಯದು ಬೇಕಾದರೆ ಜನೌಷಧಿ ಕೇಂದ್ರಕ್ಕೆ ಹೋಗಿ ಅಂತಲೂ ಹೇಳುತ್ತೇನೆ. ನಿಮ್ಮ ಅಂಗಡಿಯವರನ್ನೂ ಇದನ್ನೇ ಕೇಳಿ: “ಇದರಾಗ ಏನದ? ಮೊನ್ನೆ ಕೊಟ್ಟಿದ್ದರಾಗ ಏನಿತ್ತು?”

ನನಗೇ ನಷ್ಟ ಆಗಿದೆ, ಪರಿಹಾರ ಬೇಕು. ವಕೀಲರಿಗೆ ದುಡ್ಡಿಲ್ಲ.

ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಹೋಗಿ. ನೀವು ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕ ಇಲ್ಲ. ಗುಳಿಗೆ, ಮುಲಾಮು ಕೊಂಡವರು ಯಾರೂ ಆ ಗಡಿ ದಾಟುವುದಿಲ್ಲ. ವಕೀಲರು ಕಡ್ಡಾಯ ಅಲ್ಲ, ನೀವೇ ನಿಂತು ಹೇಳಬಹುದು. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ದೂರು ಹಾಕಬೇಕು. ದವಾಖಾನೆಯ ಕಾಗದ, ಬಿಲ್ಲು, ಸ್ಟ್ರಿಪ್ ಮೂರನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಟ್ಟುಕೊಳ್ಳಿ. ಬಿಲ್ಲಿನ ಅಕ್ಷರ ಆರು ತಿಂಗಳಿಗೆ ಅಳಿಸಿಹೋಗುತ್ತದೆ, ಇವತ್ತೇ ಜೆರಾಕ್ಸ್ ಮಾಡಿಸಿ.